ಹಾಡಿಗೆ ಯಾಕೆ ಸ್ವಾಮಿ ಚೀಟಿ?

ಬಿಜೂರಿನ ಹುಡುಗನೊಬ್ಬ ಹೆಗಲಿಗೆ ಗಿಟಾರ್ ಏರಿಸಿಕೊಂಡು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬಂದಿಳಿದ ಎಂದಿಟ್ಟುಕೊಳ್ಳಿ. ಕಡಲಿಗೆ ಹೋದ ಅಪ್ಪಯ್ಯನ ದಾರಿ ಕಾಯುವ ಹಾಡೊಂದು ಅವನ ಬಳಿ ಇದೆ. ಮಾತು ಅವನದು, ರಾಗ ಅವನದು, ಗಂಟಲೂ ಅವನದೇ. ಭಾಷೆ ಅಪ್ಪಟ ಕುಂದಾಪ್ರ ಕನ್ನಡ.

ಕೆಫೆಯವನು ಕೇಳುತ್ತಾನೆ: 'ಇದು ಫೋಕಾ, ರಾಕಾ?' ಸುಗಮ ಸಂಗೀತದವರು ಕೇಳುತ್ತಾರೆ: 'ಯಾವ ಕವಿಯ ಸಾಹಿತ್ಯ?' ಸಿನಿಮಾದವನು ನಕ್ಕು, 'ಕಾಮಿಡಿ ಟ್ರ್ಯಾಕಿಗೆ ಚೆನ್ನಾಗಿದೆ ಗುರೂ' ಎನ್ನುತ್ತಾನೆ. ಇನ್ನು ನಾವು? ರಾಜ್ಯೋತ್ಸವದ ಪೆಂಡಾಲಿನಲ್ಲಿ ನಿಂತು, 'ತಾಯಿ ಭುವನೇಶ್ವರಿ ಮೇಲೆ ಏನಾದ್ರೂ ಇದ್ರೆ ಹಾಡಪ್ಪ' ಎನ್ನುತ್ತೇವೆ. ಅವನ ಹಾಡನ್ನು ಮಾತ್ರ ಯಾರೂ ಕೇಳಲಿಲ್ಲ!

ಗೆಳೆಯರೇ, ಈ ಚೀಟಿಗಳು ಹುಟ್ಟಿದ್ದು ಸಂಗೀತದಿಂದಲ್ಲ, ಅಂಗಡಿಯಿಂದ. 1987ರಲ್ಲಿ ಲಂಡನ್ನಿನ ಒಂದು ಪಬ್ಬಿನಲ್ಲಿ ಸಣ್ಣಪುಟ್ಟ ರೆಕಾರ್ಡ್ ಕಂಪನಿಯವರು ಸೇರಿ, ಆಫ್ರಿಕಾ-ಏಷ್ಯಾಗಳ ಹಾಡನ್ನು ಅಂಗಡಿಯ ಯಾವ ಕಪಾಟಿನಲ್ಲಿ ಇಡುವುದೆಂದು ಚರ್ಚಿಸಿ 'ವರ್ಲ್ಡ್ ಮ್ಯೂಸಿಕ್' ಎಂಬ ಹೆಸರನ್ನು ಆರಿಸಿಕೊಂಡರು. ಅವರ ಹಾಡು ಹಾಡು; ಮಿಕ್ಕ ಜಗತ್ತಿನದೆಲ್ಲ ಒಂದೇ ಕಪಾಟು! 2008ರಲ್ಲಿ ಮೊದಲ ಆಲ್ಬಂ ತಂದ ನಮ್ಮ ರಘು ದೀಕ್ಷಿತ್ ಅವರಿಗೆ ಇಂಗ್ಲೆಂಡಿನ 'ಸಾಂಗ್‌ಲೈನ್ಸ್' ಪತ್ರಿಕೆ 2011ರಲ್ಲಿ ಹೊಸಬರ ಪ್ರಶಸ್ತಿ ಕೊಟ್ಟಿತು. ಸಂತೋಷವೇ. ಆದರೆ ಅಲ್ಲಿಯೂ ಸಿಕ್ಕಿದ್ದು ಅದೇ ಕಪಾಟು.

ರಘು ದೀಕ್ಷಿತ್ ಹಾಡುವ ಶಿಶುನಾಳ ಷರೀಫರನ್ನು ನಾವು ಏನೆಂದು ಕರೆಯುತ್ತೇವೆ? ಎಷ್ಟೋ ಜನರ ಬಾಯಲ್ಲಿ 'ಜಾನಪದ'. ಜಾನಪದವೆಂದರೆ ಕಟ್ಟಿದವರ ಹೆಸರು ಅಳಿಸಿಹೋದ ಹಾಡು. ಷರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು, ಶಾಲಾ ಮಾಸ್ತರರಾಗಿದ್ದವರು, ಹಾಡಿನಲ್ಲೇ ಶಿಶುನಾಳಧೀಶನ ಅಂಕಿತ ಒತ್ತಿದವರು. ಹೆಸರಿರುವ ಕವಿಯನ್ನು ನಾವೇ ಹೆಸರಿಲ್ಲದವರ ಸಾಲಿಗೆ ನೂಕಿದೆವು.

ಸುಗಮ ಸಂಗೀತವನ್ನು ನಾನು ಹಳಿಯುತ್ತಿಲ್ಲ. ಕವಿಗಳ ಪದ್ಯವನ್ನು ಪುಸ್ತಕದಿಂದ ಎತ್ತಿ ಜನರ ಕಿವಿಗೆ ಮುಟ್ಟಿಸಿದ ಪಿ. ಕಾಳಿಂಗರಾಯರು ಇದೇ ಕರಾವಳಿಯ ಆರೂರಿನವರು. ಆದರೆ ಆ ದೊಡ್ಡ ಪರಂಪರೆಯ ನೆರಳಲ್ಲಿ ಒಂದು ತಪ್ಪು ನಂಬಿಕೆಯೂ ಬೆಳೆಯಿತು: ಬರೆಯುವವನು ಬೇರೆ, ಹಾಡುವವನು ಬೇರೆ. ಎರಡನ್ನೂ ಮಾಡುವವನು ಯಾವುದನ್ನೂ ನೆಟ್ಟಗೆ ಮಾಡಲಾರ!

ಬಸ್ರೂರಿನ ರವಿ ಬಸ್ರೂರರನ್ನು ನೋಡಿ. 2018ರ 'ಕೆಜಿಎಫ್' ಬಂದ ಮೇಲೆ 'ಮಾಸ್ ಬಿಜಿಎಂ' ಎಂಬ ಚೀಟಿ ಅಂಟಿತು. ಅದಕ್ಕೂ ಮೊದಲೇ, 2014ರಲ್ಲಿ, ಅವರು ಕುಂದಾಪ್ರ ಕನ್ನಡದಲ್ಲೇ 'ಗರ್ಗರ್ ಮಂಡ್ಲ' ಸಿನಿಮಾ ನಿರ್ದೇಶಿಸಿದ್ದು ಬೆಂಗಳೂರಿನಲ್ಲಿ ಎಷ್ಟು ಮಂದಿಗೆ ಗೊತ್ತು?

ದಿಲ್ಲಿಯವರು ಕನ್ನಡವನ್ನು 'ಪ್ರಾದೇಶಿಕ' ಎಂದಾಗ ನಮ್ಮ ರಕ್ತ ಕುದಿಯುತ್ತದೆ. ಕುದಿಯಲೇಬೇಕು. ಹಾಗಾದರೆ ಬೆಂಗಳೂರಿನಲ್ಲಿ ಕುಳಿತು ಕುಂದಾಪ್ರ ಕನ್ನಡವನ್ನು 'ತಮಾಷೆ ಕನ್ನಡ', ಧಾರವಾಡದ ಕನ್ನಡವನ್ನು 'ಜವಾರಿ ಕಾಮಿಡಿ' ಎನ್ನುವ ನಾವು ಮಾಡುತ್ತಿರುವುದೇನು? ಅದೇ ಕೆಲಸ, ಊರು ಬೇರೆ. ಆ ಭಾಷೆಯಲ್ಲಿ ಅಮ್ಮಂದಿರು ಅಳುತ್ತಾರೆ, ಬೆಸ್ತರು ಬಿರುಗಾಳಿಯನ್ನು ಶಪಿಸುತ್ತಾರೆ, ಹುಡುಗರು ಪ್ರೀತಿ ಹೇಳಿಕೊಳ್ಳುತ್ತಾರೆ. ಅದು ನಗಿಸಲೆಂದೇ ಹುಟ್ಟಿದ ಭಾಷೆಯಲ್ಲ.

ತಾವೇ ಕಟ್ಟಿ ತಾವೇ ಹಾಡುವುದು ಗಿಟಾರಿನ ಜೊತೆ ಬಂದ ಫ್ಯಾಷನ್ನೂ ಅಲ್ಲ. ಪುರಂದರದಾಸರು, ಕನಕದಾಸರು ಮತ್ತೇನು ಮಾಡಿದರು? ಅವರ ಹಾಡಿಗೆ ಯಾವ ಅಂಗಡಿಯವನೂ ಚೀಟಿ ಅಂಟಿಸಲಿಲ್ಲ. ಕೊನೆಯಲ್ಲಿ ಅವರೇ ಅಂಕಿತ ಹಾಕಿದರು.

ಈ ನವೆಂಬರಿನಲ್ಲಿ ವೇದಿಕೆ ಕಟ್ಟುವ ಹುಡುಗರೇ, ಒಂದು ಅರ್ಧ ಗಂಟೆಯನ್ನು ಇಂಥವರಿಗೆ ಬಿಡಿ. ಬಸ್ ಚಾರ್ಜು ಕೊಡಿ, ಸಂಭಾವನೆ ಕೊಡಿ. 'ಯಾವ ಶೈಲಿ?' ಎನ್ನಬೇಡಿ. 'ನಿನ್ನ ಹೆಸರೇನು, ಯಾವೂರು?' ಎಂದು ಕೇಳಿ. ಆಮೇಲೆ ಬಾಯಿ ಮುಚ್ಚಿ ಹಾಡು ಕೇಳಿ.