ಕಲ್ಲು-ಮರದ ಬೆಲೆಗೆ ಹೋದ ಸೌಧ

ಲಂಡನ್ನಿನ ಪೂರ್ವ ಭಾಗದಲ್ಲಿದ್ದ ವಾನ್‌ಸ್ಟೆಡ್ ಹೌಸ್‌ಗೂ ಬಳ್ಳಾರಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಆಗಿದ್ದ ಜೋಸಾಯ ಚೈಲ್ಡ್‌ನ ಸಂಪತ್ತಿನ ಬಲದಿಂದ ಆತನ ಮಗ ರಿಚರ್ಡ್ ಹದಿನೆಂಟನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದ ಭವ್ಯ ಸೌಧವದು. 1812ರಲ್ಲಿ ವಿವಾಹದ ಮೂಲಕ ಅದು ವಿಲಿಯಂ ವೆಲ್ಲೆಸ್ಲಿಯ ಕೈಸೇರಿತು. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆ 1800ರಲ್ಲಿ ನಿಜಾಮನಿಂದ ಕಂಪನಿಯ ವಶವಾದಾಗ ಗವರ್ನರ್ ಜನರಲ್ ಆಗಿದ್ದ ರಿಚರ್ಡ್ ವೆಲ್ಲೆಸ್ಲಿಯ ತಮ್ಮನ ಮಗನೇ ಈತ.

ದುಂದುವೆಚ್ಚದಿಂದ ಸಾಲ ಬೆಳೆಯಿತು. 1822ರಲ್ಲಿ ಮನೆಯ ವಸ್ತುಗಳ ಹರಾಜು 32 ದಿನ ನಡೆಯಿತು. ಮರುವರ್ಷ ಸೌಧವೇ ಕಟ್ಟಡ ಸಾಮಗ್ರಿಯಾಗಿ 10,000 ಪೌಂಡಿಗೆ ಮಾರಾಟವಾಗಿ, ಬಳಿಕ ನೆಲಸಮವಾಯಿತು. ಉದ್ಯಾನದ ಒಂದು ಭಾಗವನ್ನು ಮಾತ್ರ ಲಂಡನ್ನಿನ ನಗರಾಡಳಿತ ಪಡೆದು 1882ರಲ್ಲಿ ಜನರಿಗೆ ತೆರೆಯಿತು.

ಕಂಪನಿಯ ಹಣದ ಮನೆಗಾಗಿ ನಾವು ಮರುಗಬೇಕಿಲ್ಲ. ಪಾಠ ಕಲಿತರೆ ಸಾಕು. ಹರಾಜಿನಲ್ಲಿ ಕಟ್ಟಡಕ್ಕೆ ಸಿಗುವುದು ಸಾಮಗ್ರಿಯ ಬೆಲೆಯಷ್ಟೆ. ಅದರಿಂದ ಊರಿಗಾಗುವ ಪ್ರಯೋಜನ ಯಾರ ಲೆಕ್ಕಕ್ಕೂ ಬರುವುದಿಲ್ಲ. ಬಳ್ಳಾರಿಯ ಕೋಟೆಗೆ ಕಾನೂನಿನ ಕಾವಲಿದೆ. ಕುರುಗೋಡಿನ ದೊಡ್ಡಬಸವೇಶ್ವರನಿಗೆ ಭಕ್ತರ ಕಾವಲಿದೆ. ಕಂಟೋನ್ಮೆಂಟಿನ ಹಳೆಯ ಬಂಗಲೆಗಳನ್ನೂ ಮೂರೂ ಊರುಗಳ ಹಿರಿಯರ ಮನೆಗಳನ್ನೂ ಕಾಯುವವರು ಯಾರು?

ಸ್ಥಳೀಯ ಸಂಸ್ಥೆಗಳು ಇಂಥ ಕಟ್ಟಡಗಳ ಪಟ್ಟಿ ತಯಾರಿಸಿ, ಅವನ್ನು ಉಳಿಸಿಕೊಳ್ಳುವ ಮಾಲೀಕರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ನೀಡಲಿ. ಲಾಭ ಊರಿನದು, ಹೊರೆ ಮಾತ್ರ ಮಾಲೀಕನದು ಎಂಬುದು ನ್ಯಾಯವಲ್ಲ. ಹೊರೆಯನ್ನು ಹಂಚಿಕೊಳ್ಳದ ಊರಿಗೆ, ಕಟ್ಟಡ ಉರುಳಿದ ಮೇಲೆ ದೂರುವ ಹಕ್ಕೂ ಇರುವುದಿಲ್ಲ.