ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ

ಪದವಿ ಮುಗಿಸಿ ಭಾರತೀಯ ವಾಯುಪಡೆಯಲ್ಲಿ ಅಧಿಕಾರಿಯಾಗಲು ಹೊರಟ ಯುವಕ ಕಣ್ಣಿಗೆ ಲೇಸರ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರೆ, ಕೆಲವು ಷರತ್ತುಗಳ ಮೇಲೆ ಅವನು ಅರ್ಹ. ಅದೇ ವಾಯುಪಡೆಗೆ ಅಗ್ನಿವೀರನಾಗಿ ಸೇರಲು ಹೊರಟವನು ಅದೇ ಚಿಕಿತ್ಸೆಯನ್ನು ಅದೇ ವೈದ್ಯರ ಕೈಯಲ್ಲೇ ಮಾಡಿಸಿಕೊಂಡಿದ್ದರೂ ಅನರ್ಹ. ಅಗ್ನಿವೀರ್ ವಾಯು ಭರ್ತಿಯ ಪ್ರಕಟಣೆಗಳಲ್ಲಿ ಇದಕ್ಕೆಂದು ಬಂದಿರುವುದು ಒಂದೇ ಸಾಲು: ಕಾರ್ನಿಯಾದ ಶಸ್ತ್ರಚಿಕಿತ್ಸೆ, ಅಂದರೆ ಪಿಆರ್‌ಕೆ ಅಥವಾ ಲೇಸಿಕ್, ಒಪ್ಪತಕ್ಕದ್ದಲ್ಲ. ಕಾರಣ ಕೊಟ್ಟಿಲ್ಲ, ಅಳತೆ ಕೇಳಿಲ್ಲ.

ಕಾರ್ನಿಯಾಕ್ಕೆ ದರ್ಜೆ ಗೊತ್ತಿಲ್ಲ. ಅಧಿಕಾರಿಯ ಕಣ್ಣಿನಲ್ಲಿ ಗಟ್ಟಿಯಾಗಿ ನಿಲ್ಲುವ ಪಟಲ ಜವಾನನ ಕಣ್ಣಿನಲ್ಲಿ ಕಳಚಿ ಬೀಳುವುದಿಲ್ಲ. ಆದ್ದರಿಂದ ಈ ಭೇದ ವೈದ್ಯಶಾಸ್ತ್ರದಿಂದ ಬಂದದ್ದಲ್ಲ ಎಂದು ಹೇಳಲು ತಜ್ಞರೇ ಬೇಕಿಲ್ಲ. ಆದರೆ ಅದು ಎಷ್ಟು ಆಳದ ಅನ್ಯಾಯ ಎಂದು ತಿಳಿಯಲು ಅಧಿಕಾರಿಗಳಿಗಿರುವ ನಿಯಮ ಎಷ್ಟು ಚೆನ್ನಾಗಿದೆ ಎಂಬುದನ್ನು ಮೊದಲು ನೋಡಬೇಕು.

ಸಿಡಿಎಸ್ ಪರೀಕ್ಷೆಯ ಮೂಲಕ ಭೂಸೇನೆಗೆ ಹೋಗುವವರ ಷರತ್ತುಗಳು ಹೀಗಿವೆ. ಚಿಕಿತ್ಸೆಯ ಹೊತ್ತಿಗೆ ವಯಸ್ಸು 20 ದಾಟಿರಬೇಕು. ಚಿಕಿತ್ಸೆಯಾಗಿ ಕನಿಷ್ಠ 12 ತಿಂಗಳು ಕಳೆದಿರಬೇಕು. ಕಾರ್ನಿಯಾದ ನಡುಭಾಗ 450 ಮೈಕ್ರಾನ್‌ಗಿಂತ ತೆಳುವಾಗಿರಬಾರದು. ಕಣ್ಣುಗುಡ್ಡೆಯ ಉದ್ದ 26 ಮಿಲಿಮೀಟರ್ ಮೀರಬಾರದು. ಉಳಿದ ದೋಷ ಒಂದು ಡಯಾಪ್ಟರ್ ಒಳಗಿರಬೇಕು. ರೆಟಿನಾ ಆರೋಗ್ಯವಾಗಿರಬೇಕು. ವಾಯುಪಡೆ ಅಧಿಕಾರಿಗಳಿಗೆ ಇಟ್ಟ ಷರತ್ತುಗಳೂ ಹೆಚ್ಚುಕಡಿಮೆ ಇವೇ. ಚಿಕಿತ್ಸೆಗೆ ಮುಂಚಿನ ಪವರ್ 6 ಡಯಾಪ್ಟರ್ ಮೀರಿರಬಾರದು ಎಂಬುದೂ ಅಲ್ಲಿದೆ.

ಇವು ಯಾರೋ ಕಚೇರಿಯಲ್ಲಿ ಕುಳಿತು ಗೀಚಿದ ಅಂಕಿಗಳಲ್ಲ. ಸಾಮಾನ್ಯ ಕಾರ್ನಿಯಾ ಸುಮಾರು 540 ಮೈಕ್ರಾನ್ ದಪ್ಪ ಇರುತ್ತದೆ. ಒಂದು ಡಯಾಪ್ಟರ್ ಮೈನಸ್ ಪವರ್ ತೆಗೆಯಲು ಲೇಸರ್ ಅಂದಾಜು 12ರಿಂದ 15 ಮೈಕ್ರಾನ್ ಸವೆಸುತ್ತದೆ. ಆರು ಡಯಾಪ್ಟರ್‌ಗೆ ಹೆಚ್ಚೆಂದರೆ 90. ಕಳೆದರೆ ಉಳಿಯುವುದು 450. ಎರಡು ಷರತ್ತುಗಳು ಒಂದಕ್ಕೊಂದು ತಾಳೆಯಾಗುತ್ತವೆ. ಕಣ್ಣುಗುಡ್ಡೆಯ ಉದ್ದವನ್ನು ಕೇಳುವುದಕ್ಕೂ ಗಟ್ಟಿ ಕಾರಣವಿದೆ. ಲೇಸರ್ ಕನ್ನಡಕವನ್ನು ಬಿಡಿಸುತ್ತದೆಯೇ ಹೊರತು ಸಮೀಪದೃಷ್ಟಿಯನ್ನು ವಾಸಿ ಮಾಡುವುದಿಲ್ಲ. ಉದ್ದವಾಗಿ ಬೆಳೆದ ಗುಡ್ಡೆ ಉದ್ದವಾಗಿಯೇ ಉಳಿಯುತ್ತದೆ. ಅದರ ಹಿಂಬದಿಯಲ್ಲಿ ಎಳೆದು ತೆಳುವಾದ ರೆಟಿನಾ ಕಿತ್ತುಬರುವ ಅಪಾಯವೂ ಹಾಗೆಯೇ ಉಳಿಯುತ್ತದೆ. ಪ್ಯಾರಾಚೂಟ್ ಕಟ್ಟಿಕೊಂಡು ಹಾರುವವನ ವಿಷಯದಲ್ಲಿ ಇದನ್ನು ಕೇಳದಿದ್ದರೆ ತಪ್ಪಾಗುತ್ತಿತ್ತು. ಒಟ್ಟಿನಲ್ಲಿ ಅಧಿಕಾರಿಗಳ ನಿಯಮ ‘ಏನು ಮಾಡಿಸಿಕೊಂಡೆ?’ ಎಂದು ಕೇಳಿ ಸುಮ್ಮನಾಗುವುದಿಲ್ಲ, ‘ಈಗ ಕಣ್ಣು ಹೇಗಿದೆ?’ ಎಂದು ಅಳೆದು ನೋಡುತ್ತದೆ. ಅಳೆಯುವ ಯಂತ್ರ, ಅಳೆಯಬಲ್ಲ ವೈದ್ಯರು, ಅಳತೆಯ ಮಿತಿ ಮೂರೂ ಸೇನೆಯ ಬಳಿ ಇವೆ. ಜವಾನನ ಸರದಿ ಬಂದಾಗ ಮಾತ್ರ ಯಂತ್ರಕ್ಕೆ ಬಟ್ಟೆ ಮುಚ್ಚುತ್ತಾರೆ.

ಇದಕ್ಕೆ ಬರುವ ಮೊದಲ ಉತ್ತರ ಎಲ್ಲರಿಗೂ ಗೊತ್ತಿರುವಂಥದು: ಒಂದು ಹುದ್ದೆಗೆ ನೂರು ಜನ ಸಾಲಿನಲ್ಲಿ ನಿಂತಿರುವಾಗ ಆಪರೇಷನ್ ಆದ ಕಣ್ಣೇ ಏಕೆ ಬೇಕು? ಆದರೆ ಅಧಿಕಾರಿ ಹುದ್ದೆಗೂ ಸಾಲು ಚಿಕ್ಕದಲ್ಲ. ಅಲ್ಲಿ ಸಾಲಿನ ಉದ್ದ ನೋಡಿ ಯಾರನ್ನೂ ಹೊರಗಿಡದೆ ಅಳತೆ ನೋಡಿ ಹೊರಗಿಡುತ್ತಾರೆ. ಜನ ಹೆಚ್ಚಾಗಿದ್ದಾರೆ ಎಂಬುದು ಸೇನೆಯ ಅನುಕೂಲದ ಮಾತು. ಅದಕ್ಕೆ ವೈದ್ಯಕೀಯ ಕಾರಣದ ವೇಷ ಹಾಕಬಾರದು.

ಎರಡನೆಯ ಉತ್ತರಕ್ಕೆ ಹೆಚ್ಚು ತೂಕವಿದೆ. ಇಪ್ಪತ್ತಕ್ಕಿಂತ ಮೊದಲು ಕಣ್ಣು ಇನ್ನೂ ಬೆಳೆಯುತ್ತಿರಬಹುದು, ತೆಗೆದ ಪವರ್ ಮರಳಿ ಬರಬಹುದು. ಅಗ್ನಿವೀರರು 17ವರೆಯಿಂದ 21ರೊಳಗಿನ ಹುಡುಗರು. ಹಾಗಿರುವಾಗ ನಿಷೇಧವೇ ಸರಳವಲ್ಲವೇ? ಮಾತು ಅರ್ಧ ನಿಜ. ಅಧಿಕಾರಿಗಳ ನಿಯಮವನ್ನೇ ಇದ್ದಂತೆ ತಂದು ಇಲ್ಲಿ ಹಚ್ಚಿದರೆ, ಇಪ್ಪತ್ತಕ್ಕೆ ಚಿಕಿತ್ಸೆ ಮಾಡಿಸಿಕೊಂಡು ಒಂದು ವರ್ಷ ಕಾದವನಿಗೆ 21 ತುಂಬಿ ಬಾಗಿಲು ಮುಚ್ಚಿರುತ್ತದೆ. ಪುಣೆಯ ಖಡಕ್‌ವಾಸ್ಲಾದ ಎನ್‌ಡಿಎಗೆ 19ವರೆಯೊಳಗೆ ಸೇರಬೇಕಾದವರಿಗೂ ಇದೇ ಗತಿ. ದಾರಿ ತೆರೆದಿರುವುದು ಪದವಿ ಮುಗಿಸಿ 24ರವರೆಗೆ ಕಾಯಬಲ್ಲ ಮನೆಯ ಮಕ್ಕಳಿಗೆ. ಪಿಯುಸಿ ಮುಗಿಸಿ ಬೆಳಗಿನ ಜಾವ ಓಟದ ಅಭ್ಯಾಸಕ್ಕೆ ಇಳಿಯುವ ಹುಡುಗನಿಗೆ ವಯಸ್ಸೇ ಗೋಡೆ.

ಆದರೆ ವಯಸ್ಸು ಇಲ್ಲಿ ಕಣ್ಣಿನ ಸ್ಥಿರತೆಯನ್ನು ಊಹಿಸುವ ಒಂದು ಸುಲಭ ಗುರುತು ಮಾತ್ರ. ಹದಿನೆಂಟಕ್ಕೇ ಪವರ್ ನಿಂತವರಿದ್ದಾರೆ, ಇಪ್ಪತ್ತಮೂರರಲ್ಲೂ ಏರುತ್ತಿರುವವರಿದ್ದಾರೆ. ಚಿಕಿತ್ಸೆಗೆ ಮೊದಲಿನ ಒಂದೆರಡು ವರ್ಷಗಳ ಕನ್ನಡಕದ ಚೀಟಿಗಳು ಮತ್ತು ಚಿಕಿತ್ಸೆಯ ನಂತರ ತಿಂಗಳುಗಳ ಅಂತರದಲ್ಲಿ ಮಾಡಿದ ಎರಡು ಪರೀಕ್ಷೆಗಳು ಸ್ಥಿರತೆಯನ್ನು ವಯಸ್ಸಿಗಿಂತ ಚೆನ್ನಾಗಿ ತೋರಿಸುತ್ತವೆ. ಅಮೆರಿಕದ ಸೇನೆಗೆ ಸೇರುವವರು ಚಿಕಿತ್ಸೆಯಾದ ಮೇಲೆ ಕಾಯಬೇಕಾದದ್ದು 180 ದಿನ. ಮಿತಿಮೀರಿದ ಪವರ್ ಇದ್ದವರನ್ನು, ತೊಡಕು ಉಳಿದವರನ್ನು ಅವರೂ ತಿರಸ್ಕರಿಸುತ್ತಾರೆ. ಆದರೆ ಚಿಕಿತ್ಸೆ ಮಾಡಿಸಿಕೊಂಡದ್ದನ್ನೇ ದೋಷವೆಂದು ಬರೆದುಕೊಳ್ಳುವುದಿಲ್ಲ.

ಅಮೆರಿಕದವರು ಈ ನಿಲುವಿಗೆ ಒಂದೇ ದಿನದಲ್ಲಿ ಬರಲಿಲ್ಲ. 1993ರಲ್ಲಿ ಅಲ್ಲಿನ ನೌಕಾಪಡೆ ಸ್ಯಾನ್ ಡಿಯಾಗೋದ ತನ್ನ ಆಸ್ಪತ್ರೆಯಲ್ಲೇ ಪಿಆರ್‌ಕೆಯನ್ನು ಪರೀಕ್ಷೆಗೆ ಒಡ್ಡಿತು. 2000ದಿಂದ ಅಲ್ಲಿನ ಭೂಸೇನೆ ತನ್ನ ಸೈನಿಕರಿಗೆ ಉಚಿತವಾಗಿ ಈ ಚಿಕಿತ್ಸೆ ಕೊಡತೊಡಗಿತು. 2007ರಲ್ಲಿ ನಾಸಾ ಲೇಸಿಕ್ ಆದವರಿಗೂ ಗಗನಯಾನಿಯಾಗುವ ಅವಕಾಶ ತೆರೆಯಿತು. ತಾನೇ ಪರೀಕ್ಷಿಸಿ, ದಾಖಲೆ ಇಟ್ಟು, ಆಮೇಲೆ ಒಪ್ಪುವುದು ಅವರ ಕ್ರಮ. ಎಲ್ಲ ಚಿಕಿತ್ಸೆಯನ್ನೂ ಅವರು ಒಪ್ಪಲಿಲ್ಲ. ಬ್ಲೇಡಿನಿಂದ ಕಾರ್ನಿಯಾವನ್ನು ಚಕ್ರದ ಕಡ್ಡಿಗಳಂತೆ ಗೀರುತ್ತಿದ್ದ ಹಳೆಯ ಆರ್‌ಕೆ ಶಸ್ತ್ರಚಿಕಿತ್ಸೆ ಅಲ್ಲೂ ನಿಷಿದ್ಧ, ನಮ್ಮ ವಾಯುಪಡೆಯಲ್ಲೂ ನಿಷಿದ್ಧ. ಅದು ಸರಿಯೇ. 1996ರಲ್ಲಿ ಎವರೆಸ್ಟ್ ಏರುತ್ತಿದ್ದ ಬೆಕ್ ವೆದರ್ಸ್ ಎಂಬ ವೈದ್ಯನಿಗೆ ಎತ್ತರದಲ್ಲಿ ದೃಷ್ಟಿ ಹೋದದ್ದು ಆರ್‌ಕೆ ಆಗಿದ್ದ ಕಾರ್ನಿಯಾ ಆಮ್ಲಜನಕದ ಕೊರತೆಯಲ್ಲಿ ಆಕಾರ ಬದಲಿಸಿದ್ದರಿಂದ. ಸಿಯಾಚಿನ್‌ನಲ್ಲಿ ಕಾವಲು ನಿಲ್ಲುವ ಸೇನೆ ಅಂಥ ಕಣ್ಣನ್ನು ಬೇಡವೆಂದರೆ ಯಾರೂ ತಕರಾರು ಮಾಡಲಾರರು. ಕಾರಣ ತೋರಿಸಿ ಹಾಕಿದ ನಿಷೇಧ ಹೀಗಿರುತ್ತದೆ.

ಲೇಸರ್ ಚಿಕಿತ್ಸೆಗಳಲ್ಲೂ ಎಲ್ಲವೂ ಒಂದಲ್ಲ. ಲೇಸಿಕ್‌ನಲ್ಲಿ ಕಾರ್ನಿಯಾದ ಮೇಲೆ ತೆಳುವಾದ ಮುಚ್ಚಳ ಕೊಯ್ದು, ಎತ್ತಿ, ಕೆಳಗೆ ಲೇಸರ್ ಹಾಯಿಸಿ ಮತ್ತೆ ಮುಚ್ಚುತ್ತಾರೆ. ಎರಡೇ ದಿನದಲ್ಲಿ ಕಣ್ಣು ನಿಚ್ಚಳವಾಗುತ್ತದೆ, ಆದರೆ ಆ ಮುಚ್ಚಳ ಮೊದಲಿನಷ್ಟು ಗಟ್ಟಿಯಾಗಿ ಎಂದೂ ಕೂಡಿಕೊಳ್ಳುವುದಿಲ್ಲ. ವರ್ಷಗಳ ನಂತರವೂ ಜೋರು ಪೆಟ್ಟಿಗೆ ಅದು ಸರಿದ ಪ್ರಸಂಗಗಳು ವೈದ್ಯ ಸಾಹಿತ್ಯದಲ್ಲಿವೆ. ಪಿಆರ್‌ಕೆಯಲ್ಲಿ ಮುಚ್ಚಳವೇ ಇಲ್ಲ. ಮೇಲಿನ ಪೊರೆ ಕೆರೆದು ನೇರವಾಗಿ ಲೇಸರ್ ಹಾಯಿಸುತ್ತಾರೆ. ಕೆಲವು ದಿನ ಉರಿ, ನೋವು, ವಾರಗಟ್ಟಲೆ ಮಬ್ಬು. ಬಿಸಿಲಿನಲ್ಲಿ ತಿಂಗಳುಗಳ ಕಾಲ ಕಣ್ಣು ಕಾಯ್ದುಕೊಳ್ಳಬೇಕು. ವಾಸಿಯಾದ ಮೇಲೆ ಸರಿಯಲು ಅಲ್ಲಿ ಏನೂ ಉಳಿದಿರುವುದಿಲ್ಲ. ಮೈಗೆ ಮೈ ತಾಗಿ ಹೊಡೆದಾಡುವ ಕೆಲಸದವರಿಗೆ ಅದು ಹೊಂದುತ್ತದೆ. ಹೊಸದಾಗಿ ಬಂದ ಸ್ಮೈಲ್‌ನಲ್ಲಿ ಸಣ್ಣ ಸೀಳಿನ ಮೂಲಕ ಒಳಗಿನ ಚೂರನ್ನಷ್ಟೇ ತೆಗೆಯುತ್ತಾರೆ. ಬಣ್ಣಗುರುಡನ್ನು ಇವುಗಳಲ್ಲಿ ಯಾವುದೂ ಸರಿಪಡಿಸುವುದಿಲ್ಲ.

ಸೇನೆಗೆ ಹೋಗುವ ಹುಡುಗ ಈ ವ್ಯತ್ಯಾಸ ತಿಳಿದು ಆರಿಸಿಕೊಳ್ಳಬೇಕು. ಸಮಗ್ರ ನಿಷೇಧ ಆ ಮಾತುಕತೆಯನ್ನೇ ಇಲ್ಲವಾಗಿಸುತ್ತದೆ. ಮೈನಸ್ ಎರಡು ಪವರ್ ಇರುವ ಹುಡುಗನನ್ನು ಊಹಿಸಿಕೊಳ್ಳಿ. ಅಗ್ನಿವೀರ್ ವಾಯುವಿನಲ್ಲಿ ಕನ್ನಡಕಕ್ಕೆ ಇರುವ ಸಡಿಲಿಕೆ ಒಂದು ಡಯಾಪ್ಟರ್‌ವರೆಗೆ ಮಾತ್ರ. ಕನ್ನಡಕ ಹಾಕಿದರೆ ಹೊರಗೆ, ತೆಗೆಸಿಕೊಂಡರೂ ಹೊರಗೆ. ಉಳಿದದ್ದು ಒಂದೇ ದಾರಿ: ಹತ್ತಾರು ಸಾವಿರ ಸಾಲ ಮಾಡಿ ಲೇಸರ್ ಮಾಡಿಸಿಕೊಂಡು, ಕಾಗದಪತ್ರ ಹರಿದೆಸೆದು, ಮಾಡಿಸಿಕೊಂಡೇ ಇಲ್ಲ ಎಂದು ಹೇಳುವುದು. ಕಾರ್ನಿಯಾದ ನಕ್ಷೆ ತೆಗೆಯುವ ಯಂತ್ರದ ಮುಂದೆ ಕೂರಿಸಿದರೆ ಆ ಸುಳ್ಳು ನಿಲ್ಲುವುದಿಲ್ಲ. ಸಾಲ ಮಾತ್ರ ಮನೆಯಲ್ಲಿ ಉಳಿಯುತ್ತದೆ. ಕಣ್ತಪ್ಪಿ ಒಳಗೆ ಹೋದರೆ ಇನ್ನೂ ಕೆಟ್ಟದ್ದು. ಮುಂದೊಂದು ದಿನ ಕಣ್ಣಿಗೆ ಪೆಟ್ಟಾದಾಗ, ಅಲ್ಲೊಂದು ಮುಚ್ಚಳವಿದೆ ಎಂಬುದು ಘಟಕದ ವೈದ್ಯರಿಗೆ ಗೊತ್ತಿರುವುದಿಲ್ಲ, ಹೇಳಿದರೆ ನೌಕರಿ ಹೋದೀತೆಂದು ಸೈನಿಕ ಬಾಯಿ ಬಿಡುವುದಿಲ್ಲ. ಆಪರೇಷನ್ ಆದ ಕಣ್ಣನ್ನು ದೂರವಿಡಲು ಮಾಡಿದ ನಿಯಮ ಕೊನೆಗೆ ದೂರವಿಡುವುದು ನಿಜವನ್ನು.

ಅಧಿಕಾರಿಗಳ ನಿಯಮ ಇದನ್ನು ಅರಿತೇ ಇದೆ. ಚಿಕಿತ್ಸೆಯ ದಿನಾಂಕ ಮತ್ತು ಬಗೆ ತಿಳಿಸುವ ಪ್ರಮಾಣಪತ್ರವನ್ನು ಅದು ಕೇಳುತ್ತದೆ. ಪತ್ರವಿಲ್ಲದೆ ಬಂದವರನ್ನು ದಾಖಲೆಯಿಲ್ಲದ ಚಿಕಿತ್ಸೆಯೆಂಬ ಕಾರಣ ಬರೆದೇ ತಿರಸ್ಕರಿಸುತ್ತದೆ. ನಿಜ ಹೇಳಿದವನಿಗೆ ಅಲ್ಲಿ ಅವಕಾಶವಿದೆ. ಜವಾನನಿಗೆ ನಿಜ ಹೇಳಿದರೂ ಶಿಕ್ಷೆ, ಸುಳ್ಳು ಹೇಳಿದರೂ ಶಿಕ್ಷೆ.

ಬೇಡಿಕೆ ದೊಡ್ಡದೇನಲ್ಲ. ಅಧಿಕಾರಿಗೆ ಸಾಕೆನಿಸಿದ ಅಳತೆ ಜವಾನನಿಗೂ ಸಾಕಾಗಲಿ. ವಯಸ್ಸಿನ ಜಾಗದಲ್ಲಿ ಸ್ಥಿರತೆಯ ದಾಖಲೆಯನ್ನು, ಒಂದು ವರ್ಷದ ಜಾಗದಲ್ಲಿ ಆರು ತಿಂಗಳನ್ನು ಸೇನೆಯ ನೇತ್ರತಜ್ಞರೇ ಪರಿಶೀಲಿಸಿ ನೋಡಲಿ. ಪರಿಶೀಲಿಸಿದ ಮೇಲೂ ನಿಷೇಧವೇ ಸರಿ ಎಂದಾದರೆ ಅದರ ಕಾರಣವನ್ನು ಬರೆದು ತಿಳಿಸಲಿ.

ಅಲ್ಲಿಯವರೆಗೆ ಆ ಒಂದು ಸಾಲಾದರೂ ಹುಡುಗರಿಗೆ ಸಮಯಕ್ಕೆ ಮುಟ್ಟಬೇಕು. ಭರ್ತಿಯ ಪ್ರಕಟಣೆಗಳು ಬರುವುದು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ. ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವ ಬೆಳಗಾವಿಯ ಸುತ್ತಿನಲ್ಲಿ, ಕೊಡಗಿನಲ್ಲಿ ಸೇನೆಗೆ ಹೋಗುವುದು ಮನೆಮನೆಯ ಮಾತು. ಅಲ್ಲಿ ಓದುವುದು ಕನ್ನಡ. ಕಣ್ಣಾಸ್ಪತ್ರೆಗಳ ಒಪ್ಪಿಗೆ ಪತ್ರದಲ್ಲಿ ಸಹಿಯ ಮೇಲೆ ಕನ್ನಡದ ಎರಡು ಸಾಲು ಸೇರಿಸಲು ಯಾವ ಸಂಶೋಧನೆಯೂ ಬೇಕಿಲ್ಲ: ‘ಸೇನೆ ಸೇರುವ ಯೋಚನೆ ಇದ್ದರೆ ಈಗಲೇ ತಿಳಿಸಿ. ಈ ಚಿಕಿತ್ಸೆ ಕೆಲವು ಹುದ್ದೆಗಳಿಗೆ ನಿಮ್ಮನ್ನು ಶಾಶ್ವತವಾಗಿ ಅನರ್ಹಗೊಳಿಸಬಹುದು.’ ಅಷ್ಟನ್ನು ಓದಿದ ಹುಡುಗ ಸಹಿ ಹಾಕುವ ಮುನ್ನ ಒಂದು ಪ್ರಶ್ನೆ ಕೇಳುತ್ತಾನೆ. ಆಪರೇಷನ್ ಟೇಬಲ್ಲಿನಿಂದ ಎದ್ದ ಮೇಲೆ ಕೇಳಿದರೆ ಯಾರ ಬಳಿಯೂ ಉತ್ತರವಿರುವುದಿಲ್ಲ.