‘ನಾಳೆಯಿಂದ ಬರುವುದಿಲ್ಲ’ ಎನ್ನುವ ಮೊದಲು: ಕೆಲಸ ಬಿಡಲು ಎಷ್ಟು ದಿನದ ನೋಟಿಸ್?

ಕಳೆದ ರಮಝಾನಿನ ಇಪ್ಪತ್ತೆರಡನೇ ನೋಂಬಿನ ರಾತ್ರಿ, ಶಟರ್ ಎಳೆಯುವ ಹೊತ್ತಿಗೆ ನಮ್ಮ ಅಂಗಡಿಯ ಹುಡುಗ ಹತ್ತಿರ ಬಂದು, “ಇಚ್ಚ, ನಾಳೆಯಿಂದ ನಾನು ಬರುವುದಿಲ್ಲ. ದುಬೈಗೆ ವೀಸಾ ಆಗಿದೆ, ಮೂರು ದಿನಕ್ಕೆ ಟಿಕೆಟ್” ಅಂದ. ಚಪ್ಪಲಿ ವ್ಯಾಪಾರ ಮಾಡುವವರಿಗೆ ಪೆರ್ನಾಲಿನ ಕೊನೆಯ ವಾರ ಅಂದರೆ ಏನೆಂದು ಬೇರೆ ಹೇಳಬೇಕಾಗಿಲ್ಲ. ಅವನು ನಾಲ್ಕು ವರ್ಷ ಇದ್ದವನು. ಯಾವ ಸೈಜು ಯಾವ ಬಾಕ್ಸಿನಲ್ಲಿ ಉಂಟು, ಯಾವ ಗಿರಾಕಿಗೆ ಎಷ್ಟು ಸಾಲ ಬಾಕಿ ಉಂಟು, ಎಲ್ಲ ಅವನ ತಲೆಯಲ್ಲಿ. ಸಿಟ್ಟಿನಲ್ಲಿ ಎರಡು ಮಾತು ಆಡಿಬಿಟ್ಟೆ.

ವೀಸಾ ಒಂದೇ ರಾತ್ರಿಯಲ್ಲಿ ಆಗುವುದಿಲ್ಲ. ಮೆಡಿಕಲ್, ಪಾಸ್‌ಪೋರ್ಟು ಎಂದು ಒಂದು ತಿಂಗಳಿಂದ ಓಡಾಡಿರಬೇಕು. ಹಾಗಾದರೆ ಹದಿನೈದು ದಿನ ಮೊದಲೇ ಯಾಕೆ ಹೇಳಲಿಲ್ಲ? ಮನೆಗೆ ಹೋಗಿ ಯೋಚಿಸಿದರೆ ಉತ್ತರ ನನ್ನ ಲೆಕ್ಕದ ಪುಸ್ತಕದಲ್ಲೇ ಇತ್ತು. ನಮ್ಮ ಕಡೆ ಹಲವು ಅಂಗಡಿಯವರು ಮಾಡುವಂತೆ ನಾನೂ ಸಂಬಳವನ್ನು ಹತ್ತನೇ ತಾರೀಕಿಗೆ ಕೊಡುತ್ತಿದ್ದೆ. ಅಂದರೆ ಯಾವಾಗ ನೋಡಿದರೂ ಕೆಲಸದವನ ಕನಿಷ್ಠ ಹತ್ತು ದಿನದ ದುಡಿಮೆ ನನ್ನ ಕೈಯಲ್ಲಿ ಇರುತ್ತದೆ. ಅದಕ್ಕೆ ಯಾರೂ ‘ಜಾಮೀನು’ ಎಂದು ಹೆಸರಿಟ್ಟಿಲ್ಲ, ಆದರೆ ಅದು ಜಾಮೀನೇ. ಮೊದಲೇ ಹೇಳಿದರೆ ಇಚ್ಚ ಸಂಬಳ ತಡೆಹಿಡಿಯುತ್ತಾನೋ ಏನೋ ಎಂದು ಅವನು ಹೆದರಿದ್ದ. ಹತ್ತಕ್ಕೆ ಫೆಬ್ರವರಿಯ ಸಂಬಳ ಎಣಿಸಿಕೊಂಡ, ಹನ್ನೆರಡಕ್ಕೆ ವಿಷಯ ಹೇಳಿದ. ಬಿ.ಕಾಂ. ಓದಿದ ನನಗಿಂತ ಅವನ ಲೆಕ್ಕ ಸರಿ ಇತ್ತು.

ಇದು ನನ್ನ ಅಂಗಡಿಯ ಕತೆ ಮಾತ್ರ ಅಲ್ಲ. ಉಪ್ಪಳ, ಹೊಸಂಗಡಿ, ಕುಂಬಳೆಯಲ್ಲಿ ಯಾವ ವ್ಯಾಪಾರಿಯನ್ನು ಕೇಳಿದರೂ ಇಂಥದ್ದು ಒಂದಾದರೂ ಸಿಗುತ್ತದೆ. ಈಗ ಇದನ್ನು ಬರೆಯಲು ಕಾರಣ, ದೇಶದ ಕಾರ್ಮಿಕ ಕಾನೂನು ಬದಲಾಗಿದೆ. 2025ರ ನವೆಂಬರ್ 21ರಂದು ಕೇಂದ್ರ ಸರಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. 29 ಹಳೆಯ ಕಾನೂನುಗಳ ಜಾಗಕ್ಕೆ ಇವು ಬಂದವು. ಮುಷ್ಕರ, ವಜಾ, ಎಂಟು ಗಂಟೆಯ ಕೆಲಸ ಎಂದು ಚರ್ಚೆ ಎಲ್ಲೆಲ್ಲೋ ಹೋಯಿತು. ಕೆಲಸ ಬಿಡುವವನಿಗೆ ಸಂಬಂಧಪಟ್ಟ ಒಂದು ಸಣ್ಣ ಕಲಮಿನ ಬಗ್ಗೆ ಮಾತಾಡಿದವರು ಕಡಿಮೆ.

ವೇತನ ಸಂಹಿತೆಯ 17ನೇ ಕಲಮು ಅದು. ಹಳೆಯ 1936ರ ವೇತನ ಪಾವತಿ ಕಾಯಿದೆಯಲ್ಲಿ ಮಾಲಿಕನೇ ಕೆಲಸದಿಂದ ತೆಗೆದರೆ ಎರಡನೇ ಕೆಲಸದ ದಿನದೊಳಗೆ ಬಾಕಿ ಸಂಬಳ ಕೊಡಬೇಕು ಎಂದಿತ್ತು. ತಾನಾಗಿ ರಾಜೀನಾಮೆ ಕೊಟ್ಟವನ ಹೆಸರು ಅಲ್ಲಿ ಇರಲಿಲ್ಲ. ಹೊಸ ಸಂಹಿತೆಯಲ್ಲಿ ತೆಗೆದುಹಾಕಿದವನು, ವಜಾ ಆದವನು, ರಾಜೀನಾಮೆ ಕೊಟ್ಟವನು, ಎಲ್ಲರಿಗೂ ಎರಡು ಕೆಲಸದ ದಿನದೊಳಗೆ ಸಂಬಳ ಚುಕ್ತಾ ಆಗಬೇಕು. ತಿಂಗಳ ಸಂಬಳವಾದರೆ ಮುಂದಿನ ತಿಂಗಳ ಏಳನೇ ತಾರೀಕು ದಾಟುವಂತಿಲ್ಲ. ಅಂದರೆ ನನ್ನ ‘ಹತ್ತನೇ ತಾರೀಕು’ ಕೂಡಾ ತಪ್ಪೇ. ಈ ಸಂಹಿತೆಗೆ ಹತ್ತು ಜನ, ಇಪ್ಪತ್ತು ಜನ ಎಂಬ ಮಿತಿ ಇಲ್ಲ. ಇಬ್ಬರು ಕೆಲಸದವರಿರುವ ಅಂಗಡಿಗೂ ಅನ್ವಯ.

ನೋಟಿಸ್ ಎಷ್ಟು ದಿನ ಕೊಡಬೇಕು ಎಂದು ಈ ಕಲಮು ಹೇಳುವುದಿಲ್ಲ ನಿಜ. ಆದರೆ ನೋಟಿಸ್ ಕೊಡದೆ ಓಡಿಹೋಗಲು ಇದ್ದ ದೊಡ್ಡ ಕಾರಣವನ್ನು ಇದು ತೆಗೆಯುತ್ತದೆ. ಬಾಕಿ ಹಣ ಎರಡು ದಿನದಲ್ಲಿ ಕೈಗೆ ಬರುತ್ತದೆ ಎಂದು ನಂಬಿಕೆ ಇದ್ದವನು ಕದ್ದು ಹೋಗುವುದಿಲ್ಲ.

ನಂಬಿಕೆ ಬರಬೇಕಾದರೆ ಕಾನೂನು ನೆಲಕ್ಕೆ ಇಳಿಯಬೇಕು. ಅಲ್ಲಿ ನಮ್ಮ ಗಡಿ ಜಿಲ್ಲೆಯ ತಾಪತ್ರಯ ಶುರುವಾಗುತ್ತದೆ. ಈ ಸಂಹಿತೆಗಳನ್ನು ರಾಜ್ಯದಲ್ಲಿ ಜಾರಿ ಮಾಡುವುದಿಲ್ಲ ಎಂದು 2025ರ ನವೆಂಬರಿನಲ್ಲೇ ಕೇರಳದ ಕಾರ್ಮಿಕ ಸಚಿವ ವಿ. ಶಿವನ್‌ಕುಟ್ಟಿ ಹೇಳಿದರು. ಕಾರ್ಮಿಕರ ಹಕ್ಕು ಕಡಿಮೆಯಾಗುತ್ತದೆ ಎಂಬ ಅವರ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಈ ಎರಡು ದಿನದ ಕಲಮು ಕಾರ್ಮಿಕನ ಪರ ಇರುವುದು. ಇಡೀ ಬುಟ್ಟಿಯನ್ನು ಹೊರಗಿಟ್ಟರೆ ಇದೂ ಹೊರಗೆ ಉಳಿಯುತ್ತದೆ. ಇತ್ತ ಮಂಜೇಶ್ವರದಿಂದ ಬೆಳಿಗ್ಗೆ ಬಸ್ಸು ಹತ್ತಿ ತಲಪಾಡಿ ದಾಟಿ ಮಂಗಳೂರಿನ ಜವಳಿ ಅಂಗಡಿ, ಮಾಲ್, ಆಸ್ಪತ್ರೆಗಳಿಗೆ ಹೋಗುವವರಿಗೆ ಕರ್ನಾಟಕದ ನಿಯಮ. ಒಂದೇ ಮನೆಯ ಅಣ್ಣನಿಗೆ ಒಂದು ರಾಜ್ಯದ ಲೇಬರ್ ಆಫೀಸು, ತಂಗಿಗೆ ಇನ್ನೊಂದು.

ಮಾಲಿಕ ಕೊಡಬೇಕಾದ ನೋಟಿಸಿನ ವಿಷಯದಲ್ಲಿ ಮಾತ್ರ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ. ಕೇರಳದ 1960ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ 18ನೇ ಕಲಮು, ಕರ್ನಾಟಕದ 1961ರ ಕಾಯಿದೆಯ 39ನೇ ಕಲಮು ಹೇಳುವುದು ಇದನ್ನೇ: ಸತತ ಆರು ತಿಂಗಳು ಕೆಲಸ ಮಾಡಿದವನನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ ಕೊಡದೆ ತೆಗೆಯಬಾರದು. ಇವು ಮಾಲಿಕನ ಮೇಲಿನ ಷರತ್ತುಗಳು. ಕೆಲಸದವನು ಎಷ್ಟು ದಿನ ಮೊದಲು ಹೇಳಬೇಕು ಎಂಬುದು ಹೆಚ್ಚಾಗಿ ನೇಮಕಾತಿ ಪತ್ರದಲ್ಲಿರುವ ಮಾತು. ನಮ್ಮ ಸಣ್ಣ ಅಂಗಡಿಗಳಲ್ಲಿ ಪತ್ರವೇ ಇಲ್ಲ. “ನಾಳೆಯಿಂದ ಬಾ” ಎಂದರೆ ಅದೇ ನೇಮಕಾತಿ. ಆದ್ದರಿಂದ “ನಾಳೆಯಿಂದ ಬರುವುದಿಲ್ಲ” ಎಂದರೆ ಅದೇ ರಾಜೀನಾಮೆ. ಮಾಲಿಕನಾದ ನಾನು ದೂರುವುದು ಯಾರನ್ನು?

ದೊಡ್ಡ ಕಂಪೆನಿಗಳ ಕತೆ ಬೇರೆ. ಬೆಂಗಳೂರಿನ ಐಟಿಯಲ್ಲಿರುವ ನಮ್ಮ ಹುಡುಗರ ಪತ್ರದಲ್ಲಿ 90 ದಿನ ಎಂದು ಬರೆದಿರುವುದು ಮಾಮೂಲು. ಹೊಸ ಕಂಪೆನಿ “ಮೂವತ್ತು ದಿನದಲ್ಲಿ ಸೇರು” ಅನ್ನುತ್ತದೆ. ಅಲ್ಲೇ ಸಿಕ್ಕಿಹಾಕಿಕೊಳ್ಳುವುದು. ನನ್ನ ಅಭಿಪ್ರಾಯದಲ್ಲಿ ಆರಂಭದ ಹಂತದ ಕೆಲಸಕ್ಕೆ 90 ದಿನ ಎನ್ನುವುದು ಅನ್ಯಾಯ. ಆದರೆ ಸಹಿ ಹಾಕಿದ ಮೇಲೆ ಅನ್ಯಾಯ ಎಂದು ಮಾತ್ರ ಹೇಳಿದರೆ ಸಾಲದು. 2025ರ ಮೇ 14ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು. ಅದು ನಮ್ಮ ಮಂಗಳೂರಿನಲ್ಲೇ 1931ರಲ್ಲಿ ಹುಟ್ಟಿ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ವಿಜಯಾ ಬ್ಯಾಂಕಿನ ಪ್ರಕರಣ. ಮೂರು ವರ್ಷದ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ ಎಂಬ ಬಾಂಡಿಗೆ ಸಹಿ ಹಾಕಿದ್ದ ಅಧಿಕಾರಿಯೊಬ್ಬರು 2009ರಲ್ಲಿ ಬೇರೆ ಬ್ಯಾಂಕಿಗೆ ಹೋದರು, ಹಣ ಕಟ್ಟಿ ಕೋರ್ಟಿಗೂ ಹೋದರು. ಕರ್ನಾಟಕ ಹೈಕೋರ್ಟ್ ಅವರ ಪರ ನಿಂತಿತ್ತು. ಸುಪ್ರೀಂ ಕೋರ್ಟ್ ಆ ಷರತ್ತು ಸರಿ ಎಂದಿತು: ಅದು ರಾಜೀನಾಮೆಯನ್ನು ತಡೆಯುವುದಿಲ್ಲ, ಅದಕ್ಕೆ ಒಂದು ಬೆಲೆ ಇಡುತ್ತದೆ ಅಷ್ಟೆ, ಸಾರ್ವಜನಿಕ ಬ್ಯಾಂಕಿಗೆ ಮತ್ತೆ ನೇಮಕಾತಿ ಮಾಡುವ ಖರ್ಚು ಇರುತ್ತದೆ ಎಂಬ ಅರ್ಥದಲ್ಲಿ.

ಈ ತೀರ್ಪನ್ನು ಹಿಡಿದು ಎಲ್ಲ ಬಾಂಡೂ ಸರಿ ಎಂದು ಹೇಳುವ ಮಾಲಿಕರನ್ನು ನಂಬಬೇಡಿ. ಕರಾರು ಕಾಯಿದೆಯ 74ನೇ ಕಲಮಿನ ಪ್ರಕಾರ ಸಿಗುವುದು ‘ನ್ಯಾಯೋಚಿತ’ ಪರಿಹಾರ ಮಾತ್ರ, ಪತ್ರದಲ್ಲಿ ಬರೆದ ಮೊತ್ತ ಅದರ ಗರಿಷ್ಠ ಮಿತಿ. ಬಲವಂತದಿಂದ ಕೆಲಸ ಮಾಡಿಸಲು ಯಾವ ಕೋರ್ಟೂ ಆದೇಶ ಕೊಡುವುದಿಲ್ಲ. ಪಿಎಫ್ ಹಣವನ್ನು ಮಾಲಿಕ ಮುಟ್ಟುವಂತಿಲ್ಲ. ಕಂಪೆನಿ ‘ಬಿಟ್ಟ ದಿನಾಂಕ’ ಹಾಕಿಕೊಡದಿದ್ದರೆ, ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಪಿಎಫ್ ಜಾಲತಾಣದಲ್ಲಿ ನೀವೇ ಹಾಕಬಹುದು. ಕಡಿತದ ಹೆಸರಲ್ಲಿ ಇಡೀ ಸಂಬಳ ನುಂಗುವುದಕ್ಕೂ ಇಲ್ಲ, ಒಂದು ಸಂಬಳದ ಅವಧಿಯಲ್ಲಿ ಒಟ್ಟು ಕಡಿತ ಅರ್ಧ ದಾಟಬಾರದು ಎಂದು ವೇತನ ಸಂಹಿತೆ ಹೇಳುತ್ತದೆ. (ನೋಟಿಸ್ ಪೇ ಮೇಲೆ 18 ಶೇಕಡಾ ಜಿಎಸ್‌ಟಿ ಎಂದು ಕೆಲವು ಕಂಪೆನಿಗಳು ಹಿಡಿದದ್ದೂ ಉಂಟು. ಅದು ಬೇಡ ಎಂದು 2022ರ ಆಗಸ್ಟ್ 3ರ ಸುತ್ತೋಲೆಯಲ್ಲಿ ಸ್ಪಷ್ಟವಾಗಿದೆ.)

ಸರ್ಟಿಫಿಕೇಟ್ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಡಿಗ್ರಿ ಮುಗಿಸಿ ನಾನು ಮಂಗಳೂರಿನ ಒಂದು ಕಚೇರಿಯಲ್ಲಿ ಅಕೌಂಟ್ಸ್ ನೋಡುತ್ತಿದ್ದೆ. ಸೇರುವಾಗ ಮಾರ್ಕ್ಸ್‌ಕಾರ್ಡಿನ ಒರಿಜಿನಲ್ ಇಟ್ಟುಕೊಂಡಿದ್ದರು. ಒಂದು ವಾರದ ನೋಟಿಸ್ ಕೊಟ್ಟು ಬಿಟ್ಟೆ. ಅದನ್ನು ಬಿಡಿಸಿಕೊಳ್ಳಲು ನಾಲ್ಕು ತಿಂಗಳು ಮೆಟ್ಟಿಲು ಹತ್ತಿ ಇಳಿದೆ. ಒಂದು ತಿಂಗಳು ಕೊಡಬೇಕಿತ್ತು, ಅದು ನನ್ನ ತಪ್ಪು. ಒರಿಜಿನಲ್ ಕೊಟ್ಟದ್ದು ಅದಕ್ಕಿಂತ ದೊಡ್ಡ ತಪ್ಪು. ನಕಲು ಕೊಡಿ, ಒರಿಜಿನಲ್ ತೋರಿಸಿ ವಾಪಸು ತನ್ನಿ.

ಇನ್ನು ಗಲ್ಫ್. ನಮ್ಮ ಊರಿನಲ್ಲಿ ಕೆಲಸ ಬಿಡುವ ಪ್ರಶ್ನೆ ಮುಕ್ಕಾಲು ಪಾಲು ಅಲ್ಲಿಗೇ ಹೋಗಿ ಮುಟ್ಟುತ್ತದೆ. ಇಲ್ಲಿಯ ಅಂಗಡಿಯಲ್ಲಿ ಹೇಳದೆ ಬಿಟ್ಟು ಹೋದ ಅಭ್ಯಾಸವನ್ನು ಅಲ್ಲಿ ಮಾಡಿದರೆ ಬೀಳುವ ಪೆಟ್ಟು ಬೇರೆ. 2022ರ ಫೆಬ್ರವರಿ 2ರಿಂದ ಜಾರಿಯಲ್ಲಿರುವ ಯುಎಇ ಕಾನೂನಿನಲ್ಲಿ ನೋಟಿಸ್ 30 ದಿನಕ್ಕಿಂತ ಕಡಿಮೆ ಇಲ್ಲ, 90ಕ್ಕಿಂತ ಹೆಚ್ಚಿಲ್ಲ, ಕರಾರಿನಲ್ಲಿ ಎಷ್ಟು ಬರೆದಿದೆಯೋ ಅಷ್ಟು. ಪ್ರೊಬೇಷನ್‌ನಲ್ಲಿದ್ದರೆ ಅಲ್ಲೇ ಇನ್ನೊಂದು ಕಂಪೆನಿಗೆ ಹೋಗಲು ಒಂದು ತಿಂಗಳು, ದೇಶ ಬಿಟ್ಟು ಬರಲು 14 ದಿನ. ನೋಟಿಸ್ ಪೂರ್ತಿ ಮಾಡದಿದ್ದರೆ ಉಳಿದ ದಿನದ ಸಂಬಳ ತೆರಬೇಕು. ಹೇಳದೆ ಕಾಣೆಯಾದವನಿಗೆ ಒಂದು ವರ್ಷ ಹೊಸ ಪರ್ಮಿಟ್ ಸಿಗದೆ ಹೋಗಬಹುದು. ಸರಿಯಾಗಿ ಬಿಟ್ಟವನಿಗೆ ಲಾಭವೂ ಉಂಟು: 14 ದಿನದಲ್ಲಿ ಲೆಕ್ಕ ಚುಕ್ತಾ ಆಗಬೇಕು. ಒಂದು ವರ್ಷ ಪೂರೈಸಿದವನಿಗೆ, ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ, ಆಮೇಲೆ 30 ದಿನದ ಮೂಲ ವೇತನ ಗ್ರಾಚ್ಯುಟಿಯಾಗಿ ಬರುತ್ತದೆ. ತಾನಾಗಿ ರಾಜೀನಾಮೆ ಕೊಟ್ಟರೆ ಅದನ್ನು ಕಡಿಯುವ ಹಳೆಯ ಪದ್ಧತಿ ಹೋಗಿದೆ.

ಸೌದಿಯಲ್ಲಿ ಹಾಗಲ್ಲ. ಅಲ್ಲಿ ರಾಜೀನಾಮೆ ಕೊಟ್ಟವನಿಗೆ ಎರಡು ವರ್ಷದೊಳಗೆ ಏನೂ ಇಲ್ಲ, ಎರಡರಿಂದ ಐದು ವರ್ಷದವರೆಗೆ ಮೂರರಲ್ಲಿ ಒಂದು ಪಾಲು, ಹತ್ತರವರೆಗೆ ಮೂರರಲ್ಲಿ ಎರಡು ಪಾಲು, ಹತ್ತು ತುಂಬಿದ ಮೇಲೆ ಪೂರ್ತಿ. ನಾಲ್ಕು ವರ್ಷ ಹನ್ನೊಂದು ತಿಂಗಳಾದವನು ಸಿಟ್ಟಿನಲ್ಲಿ ಇವತ್ತು ಕಾಗದ ಕೊಟ್ಟರೆ ಎಷ್ಟು ಕಳೆದುಕೊಳ್ಳುತ್ತಾನೆ ಎಂದು ನೀವೇ ಲೆಕ್ಕ ಹಾಕಿ. 2025ರ ಫೆಬ್ರವರಿಯ ತಿದ್ದುಪಡಿಯ ನಂತರ ರಾಜೀನಾಮೆಗೆ 30 ದಿನ ಉತ್ತರ ಬಾರದಿದ್ದರೆ ಒಪ್ಪಿದ ಹಾಗೆ. ಕತಾರಿನಲ್ಲಿ 2020ರ ಬದಲಾವಣೆಯಿಂದ ಹಳೆಯ ಮಾಲಿಕನ ಎನ್‌ಒಸಿ ಬೇಡ. ಮೊದಲ ಎರಡು ವರ್ಷ ಒಂದು ತಿಂಗಳ ನೋಟಿಸ್, ಆಮೇಲೆ ಎರಡು ತಿಂಗಳು.

ಯುಎಇಯ ಆಫರ್ ಲೆಟರನ್ನು ಅರಬಿ, ಇಂಗ್ಲಿಷ್ ಜೊತೆಗೆ ಮಲಯಾಳಂ, ಹಿಂದಿ, ಉರ್ದುವಿನಲ್ಲೂ ಪಡೆಯಬಹುದು. ಶಾಲೆಯಲ್ಲಿ ಕನ್ನಡ ಓದಿದ ನಮ್ಮ ಮಕ್ಕಳು ಮಲಯಾಳಂ ಮಾತಾಡಿದರೂ ಓದಲು ತಡವರಿಸುತ್ತಾರೆ. ನಾಚಿಕೆ ಬೇಡ, ಓದಲು ಬರುವವರಿಂದ ನೋಟಿಸಿನ ಸಾಲು ಒಂದನ್ನಾದರೂ ಓದಿಸಿ ಸಹಿ ಹಾಕಿ.

ಹಾಗಾದರೆ ಎಷ್ಟು ದಿನ? ಪತ್ರ ಇದ್ದರೆ ಪತ್ರದಲ್ಲಿರುವಷ್ಟು. ಅದು ಹೆಚ್ಚೆನಿಸಿದರೆ ಮಾತಾಡಿ ಕಡಿಮೆ ಮಾಡಿಸಿಕೊಂಡು ಒಪ್ಪಿಗೆಯನ್ನು ಇಮೇಲಿನಲ್ಲಿ ಪಡೆಯಬೇಕು, ಬಾಯಿಮಾತು ಲೆಕ್ಕಕ್ಕಿಲ್ಲ. ಪತ್ರ ಇಲ್ಲದ ಅಂಗಡಿ ಕೆಲಸಕ್ಕೆ ಹದಿನೈದು ದಿನ ಸಾಕು ಎಂದು ನಾನು ಹೇಳುತ್ತೇನೆ. ಕೌಂಟರಿನಲ್ಲಿ ಹಣ, ಸಾಲದ ಪುಸ್ತಕ, ಗೋದಾಮಿನ ಕೀಲಿಕೈ ಇರುವವನು ಒಂದು ತಿಂಗಳು ಕೊಟ್ಟರೆ ಅವನಿಗೇ ಒಳ್ಳೆಯದು. ಲೆಕ್ಕ ಒಪ್ಪಿಸಿ ಸಹಿ ಪಡೆಯದೆ ಹೋದವನ ಮೇಲೆ ಆಮೇಲೆ ಏನು ಬೇಕಾದರೂ ಹೊರಿಸಬಹುದು. ಬಾಯಿಮಾತಿನ ಆಫರ್ ನಂಬಿ ಯಾರೂ ಇದ್ದ ಕೆಲಸಕ್ಕೆ ರಾಜೀನಾಮೆ ಕೊಡಬಾರದು. ಏಜೆಂಟ್ “ವೀಸಾ ದಾರಿಯಲ್ಲಿದೆ” ಅಂದಾಗಲೇ ಕೆಲಸ ಬಿಟ್ಟು ಆರು ತಿಂಗಳು ಮನೆಯಲ್ಲಿ ಕೂತವರನ್ನು ನಾನು ನೋಡಿದ್ದೇನೆ. ಯುಎಇ ಎಂಟ್ರಿ ಪರ್ಮಿಟ್ ಕೈಗೆ ಬಂದ ಮೇಲೆ ಸಾಮಾನ್ಯವಾಗಿ 60 ದಿನ ಸಮಯ ಇರುತ್ತದೆ. ಅದರಲ್ಲಿ ಹದಿನೈದೋ ಮೂವತ್ತೋ ಹಳೆಯ ಕಡೆಗೆ ಕೊಟ್ಟರೂ ದಿನ ಉಳಿಯುತ್ತದೆ.

ಆ ಹುಡುಗನ ಹನ್ನೆರಡು ದಿನದ ಸಂಬಳವನ್ನು ಮಾರನೇ ದಿನ ಅವನ ಉಮ್ಮನ ಕೈಗೆ ಕೊಟ್ಟು ಬಂದೆ. ಅವರು ಎರಡು ಸಲ ಎಣಿಸಿದರು. ಇಂಥ ಹಣ ಬರುತ್ತದೆಂದು ಆ ಮನೆಯಲ್ಲಿ ಯಾರೂ ಕಾದಿರಲಿಲ್ಲ ಎಂದು ಅವರ ಮುಖದಲ್ಲೇ ಗೊತ್ತಾಯಿತು. ಪೆರ್ನಾಲ್ ಮುಗಿದು ಹೊಸ ಹುಡುಗ ಬಂದಾಗ ಬಿಲ್ ಪುಸ್ತಕದ ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದೆ: ಸಂಬಳ ಪ್ರತಿ ತಿಂಗಳು 5ನೇ ತಾರೀಕು. ಅವನು ಬಿಡುವುದಾದರೆ 15 ದಿನ ಮೊದಲು ಹೇಳಬೇಕು. ಆರು ತಿಂಗಳಾದ ಮೇಲೆ ನಾನು ತೆಗೆಯುವುದಾದರೆ ಕಾರಣ ಹೇಳಿ 30 ದಿನ ಮೊದಲು ತಿಳಿಸಬೇಕು. ಬಿಟ್ಟ ಎರಡು ದಿನದಲ್ಲಿ ಲೆಕ್ಕ ಚುಕ್ತಾ. ಇಬ್ಬರೂ ಸಹಿ ಹಾಕಿದೆವು. ಕಾಗದವನ್ನು ಮಡಚಿ ಜೇಬಿಗೆ ಹಾಕುತ್ತಾ ಅವನು ಕೇಳಿದ: “ಇಚ್ಚ, ನಿಮಗೆ ಮೂವತ್ತು, ನನಗೆ ಹದಿನೈದು ಯಾಕೆ?” ನನಗೆ ಇನ್ನೊಬ್ಬ ಹುಡುಗ ಹದಿನೈದು ದಿನದಲ್ಲಿ ಸಿಗುತ್ತಾನೆ, ನಿನಗೆ ಇನ್ನೊಂದು ಕೆಲಸ ಅಷ್ಟರಲ್ಲಿ ಸಿಗಲಿಕ್ಕಿಲ್ಲ ಎಂದೆ.